ಉಗ್ರಾಣ, ವಾಹನ ಶೆಡ್, ವರ್ಕ್‌ಶಾಪ್‌ಗಳನ್ನು ಒಂದೇ ಅಂಗಳಕ್ಕೆ ತರುವ ಯೋಜನೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸಿವಿಲ್ ವಿದ್ಯಾರ್ಥಿನಿ, ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಚಿಕ್ಕಮಗಳೂರನ್ನೇ ಮಾದರಿಯಾಗಿ ಇಟ್ಟುಕೊಂಡಿದೆ. 35 ವಾರ್ಡ್‌ಗಳ, 2011ರ ಜನಗಣತಿಯಂತೆ 1.18 ಲಕ್ಷ ಜನಸಂಖ್ಯೆಯ ನಗರವೊಂದರಲ್ಲಿ ನೀರಿನ ಪೈಪು-ವಾಲ್ವುಗಳ ಉಗ್ರಾಣ, ಬೀದಿದೀಪದ ಸಾಮಗ್ರಿ, ಕಸದ ಆಟೋ ಟಿಪ್ಪರ್, ಜೆಸಿಬಿ, ಶೌಚಗುಂಡಿಯ ಮಲಿನ ಹೀರುವ ಸಕ್ಕಿಂಗ್ ಯಂತ್ರ, ಗುಂಡಿ ಮುಚ್ಚುವ ಜಲ್ಲಿ ಎಲ್ಲವೂ ಒಂದೇ ಅಂಗಳದಲ್ಲಿದ್ದರೆ ಕಾವಲು, ದುರಸ್ತಿ, ಲೆಕ್ಕ ಮೂರೂ ಸುಲಭವಾಗುತ್ತವೆ ಎಂಬುದು ನಮ್ಮ ವಾದ. ಕಸ ವಿಲೇವಾರಿ ಘಟಕ ಇಂದಾವರದಲ್ಲಿರುವುದರಿಂದ ಆ ದಿಕ್ಕಿನಲ್ಲೇ ಜಾಗ ಸೂಚಿಸಬೇಕೆಂದಿದ್ದೇವೆ. ಎಷ್ಟು ಎಕರೆ ಬೇಕೆಂದು ನಿರ್ಧರಿಸುವ ಕ್ರಮವನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ಸಹಾಯಕ ಎಂಜಿನಿಯರ್, ಹಾಸನ):
ಎಕರೆಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ವಾಹನಗಳ ಲಾಗ್ ಪುಸ್ತಕ, ಉಗ್ರಾಣದ ದಾಸ್ತಾನು ರಿಜಿಸ್ಟರ್ ಎರಡನ್ನೂ ಕನಿಷ್ಠ ಒಂದು ಬೇಸಿಗೆ ಮತ್ತು ಒಂದು ಮಳೆಗಾಲದ ಮಟ್ಟಿಗೆ ಓದಿ. ಯಾವ ಸಾಮಗ್ರಿ ದಿನವೂ ಹೊರಗೆ ಹೋಗುತ್ತದೆ, ಯಾವುದು ವರ್ಷಗಟ್ಟಲೆ ಧೂಳು ತಿನ್ನುತ್ತದೆ, ಯಾವ ವಾಹನ ಗುಜರಿಗೆ ಹೋಗಬೇಕಾದರೂ ಜಾಗ ಹಿಡಿದು ನಿಂತಿದೆ ಎಂಬುದು ಗೊತ್ತಾದ ಮೇಲೆ ನಿಮಗೆ ಬೇಕಾದ ವಿಸ್ತೀರ್ಣ ಸಾಕಷ್ಟು ಕುಗ್ಗುತ್ತದೆ.

ಎರಡನೆಯದು ಖಾಲಿ ಓಡಾಟ. 30 ಟಿಪ್ಪರ್‌ಗಳು ಹೊಸ ಅಂಗಳದಿಂದ ತಮ್ಮ ವಾರ್ಡಿಗೆ ಹೋಗಿಬರಲು ಈಗಿಗಿಂತ ತಲಾ 8 ಕಿ.ಮೀ. ಹೆಚ್ಚು ಓಡುತ್ತವೆ ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕಿ.ಮೀ. ಲೆಕ್ಕದಲ್ಲಿ ದಿನಕ್ಕೆ 16 ಲೀಟರ್ ಇಂಧನ ಸುಮ್ಮನೆ ಖರ್ಚಾಗುತ್ತದೆ. ಕಸದ ವಾಹನಗಳ ಕೊನೆಯ ಟ್ರಿಪ್ ಹೇಗೂ ಘಟಕದಲ್ಲೇ ಮುಗಿಯುವುದರಿಂದ, ಅವಕ್ಕೆ ಇಂದಾವರದ ದಿಕ್ಕು ಸರಿಯೇ. ಆದರೆ ಪೈಪು ಒಡೆದಾಗ ಹೊರಡುವ ನೀರುಗಂಟಿಗೂ, ಮಳೆಗಾಲದ ರಾತ್ರಿ ರಸ್ತೆಗೆ ಬಿದ್ದ ಮರ ಕಡಿಯುವ ತಂಡಕ್ಕೂ ಅದೇ ದಿಕ್ಕು ದೂರವಾಗುತ್ತದೆ. ಆದ್ದರಿಂದ ವರ್ಕ್‌ಶಾಪ್, ದೊಡ್ಡ ಪೈಪುಗಳು, ಭಾರಿ ಯಂತ್ರಗಳು ಹೊರಗಿರಲಿ. ಕಾಲರ್, ಕ್ಲಾಂಪ್, ಫ್ಯೂಸ್, ಮರ ಕೊಯ್ಯುವ ಯಂತ್ರ ಇವಿಷ್ಟಿರುವ ಚಿಕ್ಕ ಉಪ ಉಗ್ರಾಣವೊಂದು ಊರ ನಡುವೆಯೇ ಉಳಿಯಲಿ.

ಒಂದೇ ಅಂಗಳ ಎಂದರೆ ಒಂದೇ ಸೂರು ಎಂದಲ್ಲ. ನಾನು ಹಿಂದೆ ಕೆಲಸ ಮಾಡಿದ ಪಟ್ಟಣವೊಂದರಲ್ಲಿ ಜಾಗ ಉಳಿಸಲೆಂದು ಬ್ಲೀಚಿಂಗ್ ಪುಡಿಯ ಚೀಲಗಳನ್ನು ಬೀದಿದೀಪದ ಪೆಟ್ಟಿಗೆಗಳ ಪಕ್ಕದಲ್ಲೇ ಪೇರಿಸಿದ್ದರು. ಮಳೆಗಾಲ ಕಳೆದು ಪೆಟ್ಟಿಗೆ ಬಿಚ್ಚಿದಾಗ ಇನ್ನೂ ಕಂಬ ಕಾಣದ ಹೊಸ ಕ್ಲಾಂಪ್‌ಗಳು ಕೆಂಪಗೆ ತುಕ್ಕು ಹಿಡಿದಿದ್ದವು, ಪುಡಿ ತೇವ ಕುಡಿದು ಗಟ್ಟಿಯಾಗಿ ಸತ್ವ ಕಳೆದುಕೊಂಡಿತ್ತು. ಹಾಗೆಯೇ ಕುಡಿಯುವ ನೀರಿನ ಪೈಪುಗಳಿಗೂ ಕಸದ ವಾಹನ ತೊಳೆಯುವ ಕಟ್ಟೆಗೂ ನಡುವೆ ಅಂತರ ಬೇಕು; ತೊಳೆದ ನೀರು ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನು ಹಾಯದೆ ಯಾವ ಹಳ್ಳಕ್ಕೂ ಸೇರಬಾರದು.

ಉತ್ತರ 2 (ಆರೋಗ್ಯ ನಿರೀಕ್ಷಕಿ):
ಸರ್ ಯಂತ್ರಗಳ ಬಗ್ಗೆ ಬರೆದಿದ್ದಾರೆ, ನಾನು ಜನರ ಬಗ್ಗೆ ಹೇಳುತ್ತೇನೆ. ಪೌರಕಾರ್ಮಿಕರ ಹಾಜರಾತಿಯನ್ನು ದಯವಿಟ್ಟು ಆ ಅಂಗಳಕ್ಕೆ ಒಯ್ಯಬೇಡಿ. ಬೆಳಗಿನ ಜಾವ, ಬಸ್ಸೇ ಇಲ್ಲದ ಹೊತ್ತಿನಲ್ಲಿ, ಮನೆಯಿಂದ ಊರಾಚೆ ಹೋಗಿ ಹೆಬ್ಬೆಟ್ಟು ಒತ್ತಿ, ಮತ್ತೆ ಊರೊಳಗಿನ ತಮ್ಮ ಬೀದಿಗೆ ಮರಳುವುದೆಂದರೆ ಮಹಿಳೆಯರಿಗೆ ಅದು ದಿನವೂ ಅನುಭವಿಸುವ ಕಷ್ಟ. ಕೆಲವು ವಾರ್ಡ್‌ಗಳಿಗೊಂದರಂತೆ ಹಾಜರಾತಿ ಕೇಂದ್ರಗಳಿರಲಿ. ಪ್ರತಿಯೊಂದರಲ್ಲೂ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು, ಪೊರಕೆ ಮತ್ತು ಕೈಗವಸು ಇಡುವ ಬೀರು ಇರಲಿ. ಈ ಖರ್ಚನ್ನು ನಿಮ್ಮ ಅಂದಾಜು ಪಟ್ಟಿಯಲ್ಲೇ ಸೇರಿಸಿ. ಆಮೇಲೆ ನೋಡೋಣ ಎಂದು ಬಿಟ್ಟದ್ದು ಆಗುವುದಿಲ್ಲ.

ಉತ್ತರ 3 (ಲೆಕ್ಕಪತ್ರ ವಿಭಾಗದ ನೌಕರ):
ಹಣದ ಮೂಲವನ್ನೂ ಬರೆಯಿರಿ. 15ನೇ ಹಣಕಾಸು ಆಯೋಗವು ನಮ್ಮಂಥ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು. ಇಂಥ ಷರತ್ತಿನ ಹಣದಿಂದ ಇಡೀ ಅಂಗಳ ಕಟ್ಟಬಹುದೆಂದು ಬರೆದರೆ ಆಕ್ಷೇಪಣೆ ಬರುತ್ತದೆ. ಹಳೆಯ ನಿವೇಶನ ಮಾರಿ ಹೊಸದು ಕಟ್ಟುವ ಲೆಕ್ಕವನ್ನಂತೂ ಹಾಕಬೇಡಿ. ನಗರಸಭೆಯ ಸ್ಥಿರಾಸ್ತಿ ವಿಲೇವಾರಿಗೆ ಸರ್ಕಾರದ ಅನುಮೋದನೆ ಬೇಕು, ಅದಕ್ಕೆ ಹಿಡಿಯುವ ಕಾಲ ನಿಮ್ಮ ಕೈಯಲ್ಲಿರುವುದಿಲ್ಲ. ಮೊದಲು ವರ್ಕ್‌ಶಾಪ್, ನಂತರ ಉಗ್ರಾಣ, ಹೊಸ ಜಾಗದಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಹಳೆಯದರ ತೆರವು, ಈ ಕ್ರಮ ಸುರಕ್ಷಿತ. ಸ್ಥಳಾಂತರಕ್ಕೆ ಮುನ್ನ ಭೌತಿಕ ತಪಾಸಣೆ ನಡೆಸಿ, ರಿಜಿಸ್ಟರಿಗೆ ಇಬ್ಬರ ಸಹಿ ಮಾಡಿಸಿ; ಸಾಗಣೆಯ ದಿನಗಳಲ್ಲಿ ಕಾಣೆಯಾದ ವಾಲ್ವಿಗೆ ನಂತರ ಯಾರೂ ಹೊಣೆಯಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ಧನ್ಯವಾದಗಳು. ಒಂದೇ ಅಂಗಳದ ನಕ್ಷೆಯನ್ನು ಕೈಬಿಟ್ಟು, ಹೊರಗೊಂದು ಮುಖ್ಯ ಅಂಗಳ, ನಗರದೊಳಗೆ ಒಂದು ಉಪ ಉಗ್ರಾಣ, ವಾರ್ಡ್‌ಗಳ ಬಳಿ ಹಾಜರಾತಿ ಕೇಂದ್ರಗಳು ಎಂದು ತಿದ್ದುತ್ತಿದ್ದೇವೆ. ಲಾಗ್ ಪುಸ್ತಕಗಳನ್ನು ನೋಡಲು ಅನುಮತಿ ಕೋರಿ ಸೋಮವಾರ ಪೌರಾಯುಕ್ತರಿಗೆ ಪತ್ರ ಕೊಡುತ್ತೇವೆ. ಮೇಡಂ, ಒಂದು ಹಾಜರಾತಿ ಕೇಂದ್ರಕ್ಕೆ ಎಷ್ಟು ಮಂದಿ ಕಾರ್ಮಿಕರಿದ್ದರೆ ಅನುಕೂಲ ಎಂಬುದನ್ನು ದಯವಿಟ್ಟು ತಿಳಿಸಿ.