ಅಪ್ಪ-ಅಮ್ಮನ ಕ್ರೂಸ್: ಬಾಲ್ಕನಿ ಕ್ಯಾಬಿನ್‌ಗೆ 36 ಸಾವಿರ ಜಾಸ್ತಿ ಕೊಡಬೇಕಾ?

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹೆಸರು ಸಾಗರ. ಆದರೆ ಅಪ್ಪ-ಅಮ್ಮ ಸಾಗರ ನೋಡಿದ್ದು ಹೊನ್ನಾವರ, ಮುರುಡೇಶ್ವರದ ದಡದಲ್ಲಿ ನಿಂತು ಮಾತ್ರ. ಅಮ್ಮ ಹತ್ತಿದ ಅತಿ ದೊಡ್ಡ ಹಡಗು ಅಂದರೆ ಸಿಗಂದೂರಿಗೆ ಹೋಗುವಾಗಿನ ಅಂಬಾರಗೋಡ್ಲಿನ ಲಾಂಚು. ಈಗ ಅಲ್ಲೂ ಸೇತುವೆ ಆಯಿತು.

ಅವರ ಮದುವೆಯಾಗಿ 40 ವರ್ಷ ತುಂಬುತ್ತದೆ. ಕೊನೆ ಕೊಯ್ಲು, ಅಡಿಕೆ ಸುಲಿತ ಎಲ್ಲ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಕಳಿಸೋಣ ಅಂತ ನಾನು, ತಮ್ಮ ಮಾತಾಡಿಕೊಂಡಿದ್ದೇವೆ. 4 ರಾತ್ರಿ. ಏಜೆಂಟ್ ಇಬ್ಬರಿಗೆ ಸೇರಿಸಿ ಹೇಳಿದ ರೇಟು ಹೀಗಿದೆ: ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ 52 ಸಾವಿರ, ಕಿಟಕಿ ಇರುವುದು 64, ಬಾಲ್ಕನಿ ಇರುವುದು 88.

ತಮ್ಮ ಹೇಳುತ್ತಾನೆ, ರೂಮಿಗೆ ಹೋಗುವುದು ಮಲಗುವುದಕ್ಕೆ, ಕಣ್ಣು ಮುಚ್ಚಿದ ಮೇಲೆ ಕಿಟಕಿ ಯಾಕೆ ಅಂತ. ಆದರೆ ಅಪ್ಪನಿಗೆ 68. ಬೆಳಿಗ್ಗೆ 5 ಗಂಟೆಗೆ ಎದ್ದು, ಕಾಫಿ ಕುಡಿದು, ಎಲೆ-ಅಡಿಕೆ ಕವಳ ಹಾಕಿಕೊಂಡು ಜಗುಲಿಯಲ್ಲಿ ಕೂತರೆ ಅಂಗಳಕ್ಕೆ ಬಿಸಿಲು ಬರುವವರೆಗೂ ಏಳುವುದಿಲ್ಲ. ಕಿಟಕಿ ಇಲ್ಲದ ರೂಮಿನಲ್ಲಿ ಅವರು ಎರಡನೇ ದಿನಕ್ಕೇ 'ನನ್ನನ್ನು ಇಳಿಸಿ' ಅನ್ನುತ್ತಾರೆ ಅಂತ ನನ್ನ ಹೆದರಿಕೆ. ಅಮ್ಮನದು ಬೇರೆ ಕತೆ. ಹುಲಿಕಲ್ ಘಾಟಿ ಇಳಿದು ಹೊಸಂಗಡಿ ಮುಟ್ಟುವುದರೊಳಗೆ ಅವರಿಗಾಗಿ ಎರಡು ಸಲ ಗಾಡಿ ನಿಲ್ಲಿಸಬೇಕು. ಮಂಡಿ ನೋವೂ ಇದೆ.

ಹೋಗಿಬಂದವರು ಹೇಳಿ. ರೂಮಿಗೆ ದುಡ್ಡು ಹಾಕುವುದು ಸುಮ್ನೆ ದಂಡವಾ?

ಬೆನ್ನಿಗೊಂದು ಬ್ಯಾಗು:

ನಿಮ್ಮ ತಮ್ಮ ಹೇಳಿದ್ದೇ ಸರಿ. ನಾನು ಗೆಳೆಯರ ಜೊತೆ ಒಳಗಿನ ಕ್ಯಾಬಿನ್‌ನಲ್ಲೇ ಹೋಗಿದ್ದೆ. ಊಟ ಅದೇ, ಈಜುಕೊಳ ಅದೇ, ರಾತ್ರಿಯ ಶೋ ಅದೇ. ಬಾಲ್ಕನಿಯವರಿಗೆ ಬೇರೆ ಪಂಕ್ತಿ ಹಾಕುವುದಿಲ್ಲ. ಉಳಿದ ದುಡ್ಡಲ್ಲಿ ಲಕ್ಷದ್ವೀಪದಲ್ಲಿ ಸ್ಕೂಬಾ ಮಾಡಿ.

ರಿಟೈರ್ಡ್ ಟೀಚರ್, ವಿನೋಬನಗರ:

68 ವರ್ಷದ ಅಡಿಕೆ ಬೆಳೆಗಾರರಿಗೆ ಸ್ಕೂಬಾ ಹೇಳುತ್ತಿದ್ದೀಯಲ್ಲಪ್ಪ! ಇರಲಿ.

ತಂಗಿ, ನಾನು, ನಮ್ಮೆಜಮಾನ್ರು ಮೂರು ಸಲ ಹಡಗು ಹತ್ತಿದ್ದೇವೆ. ಮೂರು ಸಲವೂ ಬೇರೆ ಬೇರೆ ಥರದ ಕ್ಯಾಬಿನ್. ಪೆನ್ಶನ್ ದುಡ್ಡಲ್ಲಿ ಕಲಿತ ಪಾಠ ಇದು, ಪುಕ್ಕಟೆ ಕೊಡುತ್ತಿದ್ದೇನೆ, ತೊಗೋ.

ಮೊದಲ ಸಲ ಕಿಟಕಿ ಇರುವ ಕ್ಯಾಬಿನ್ ಮಾಡಿಸಿದೆವು. ಒಳಗೆ ಹೋಗಿ ಪರದೆ ಸರಿಸಿದರೆ ಕಿಟಕಿಯ ತುಂಬ ಕಿತ್ತಳೆ ಬಣ್ಣ. ಏನಪ್ಪಾ ಅಂದರೆ ಲೈಫ್‌ಬೋಟು! ಹಡಗಿನ ಹೊರಮೈಗೆ ಸಾಲಾಗಿ ನೇತುಹಾಕಿರುತ್ತಾರಲ್ಲ, ಅದರಲ್ಲೊಂದು ಸರಿಯಾಗಿ ನಮ್ಮ ಕಣ್ಣ ಮುಂದೆ. ಸಮುದ್ರ ಕಾಣಬೇಕಾದರೆ ಮಂಚದ ಮೇಲೆ ನಿಂತು ಕತ್ತು ಓರೆ ಮಾಡಬೇಕು. ಕೇಳಿದರೆ, 'ಅಬ್‌ಸ್ಟ್ರಕ್ಟೆಡ್ ವ್ಯೂ', ಅಂದರೆ ನೋಟಕ್ಕೆ ಅಡ್ಡ ಇದೆ ಅಂತ ಬುಕಿಂಗ್ ಕಾಗದದಲ್ಲಿ ಬರೆದಿದೆಯಲ್ಲ ಅಂದರು. ಬರೆದಿತ್ತು. ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. 34 ವರ್ಷ ಮಕ್ಕಳಿಗೆ 'ಪ್ರಶ್ನೆಪತ್ರಿಕೆ ಪೂರ್ತಿ ಓದಿ' ಅಂತ ಹೇಳಿದವಳು ನಾನು.

ಎರಡನೇ ಸಲ ಮಗ ಸಿಂಗಪುರದಿಂದ ಹೊರಡುವ ದೊಡ್ಡ ಹಡಗಿನಲ್ಲಿ ಬಾಲ್ಕನಿ ಮಾಡಿಸಿಕೊಟ್ಟ. ಬಾಲ್ಕನಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ನಮ್ಮ ತಲೆಯ ಮೇಲಿನ ಡೆಕ್ಕಿನಲ್ಲೇ, ಅಂದರೆ ಮೇಲಿನ ಅಂತಸ್ತಿನಲ್ಲೇ ಈಜುಕೊಳ. ರಾತ್ರಿ 12ರವರೆಗೆ ಡಿಜೆ. ಬೆಳಿಗ್ಗೆ 5ಕ್ಕೆ ಕುರ್ಚಿ ಜೋಡಿಸುವ ಸದ್ದು, ದರದರ ಅಂತ. ಮೇಲಿನ ಡೆಕ್ಕಾದ್ದರಿಂದ ಓಲಾಟವೂ ಜಾಸ್ತಿ. ನಮ್ಮೆಜಮಾನ್ರು ಹಾಸಿಗೆ ಬಿಟ್ಟು ಬಾಲ್ಕನಿಯ ಕುರ್ಚಿಯಲ್ಲೇ ಮಲಗಿದರು. ಅಷ್ಟರಮಟ್ಟಿಗೆ ಬಾಲ್ಕನಿ ಉಪಯೋಗವಾಯಿತು ಅನ್ನು.

ಮೂರನೇ ಸಲ ರೇಟು ನೋಡಿ ಬೇಸತ್ತು ಒಳಗಿನ ಕ್ಯಾಬಿನ್ನೇ ಸಾಕು ಅಂದೆ. ಆದರೆ ಈ ಸಲ ಯಾವ ರೂಮು ಎಲ್ಲಿದೆ ಅಂತ ತೋರಿಸುವ ಹಡಗಿನ ಡೆಕ್ ಪ್ಲ್ಯಾನ್ ತೆಗೆದು, ಮುದ್ರಿಸಿ, ಪೆನ್ಸಿಲ್ ಹಿಡಿದು ಕೂತೆ. ಉದ್ದದಲ್ಲಿ ಸರಿಯಾಗಿ ನಡುಮಧ್ಯೆ, ಕೆಳಗಿನ ಡೆಕ್ಕು. ಮೇಲೂ ಮಲಗುವ ರೂಮು, ಕೆಳಗೂ ಮಲಗುವ ರೂಮು. ಲಿಫ್ಟಿನಿಂದ ಏಳೆಂಟು ಬಾಗಿಲು ದೂರ. ಮೂರರಲ್ಲಿ ನಾನು ಕಣ್ತುಂಬ ನಿದ್ದೆ ಮಾಡಿದ್ದು ಅಲ್ಲೇ.

ಅದಕ್ಕೇ ಹೇಳುವುದು, ಕ್ಯಾಬಿನ್ ಯಾವ ಥರದ್ದು ಅಂತ ಆಮೇಲೆ ನೋಡು. ಎಲ್ಲಿದೆ ಅಂತ ಮೊದಲು ನೋಡು. ಬಸ್ಸಿನ ಕೊನೇ ಸೀಟಿಗೆ ವೆಲ್ವೆಟ್ ಹಾಸಿದರೂ ಆಗುಂಬೆ ಘಾಟಿಯಲ್ಲಿ ಎತ್ತಿ ಹಾಕುವುದು ತಪ್ಪುತ್ತದಾ? ಇದು ಇವತ್ತಿನ ವಿಷಯವೂ ಅಲ್ಲ. 1912ರ ಟೈಟಾನಿಕ್‌ನಲ್ಲೂ ಫಸ್ಟ್ ಕ್ಲಾಸಿನವರಿಗೆ ಹಡಗಿನ ನಡುಭಾಗ, ಥರ್ಡ್ ಕ್ಲಾಸಿನವರಿಗೆ ಎರಡು ತುದಿ. ಅಲುಗಾಟ, ಎಂಜಿನ್ ಅದುರು ಎಲ್ಲಿ ಕಡಿಮೆ ಅಂತ ಕಟ್ಟಿದವರಿಗೆ ಗೊತ್ತಿತ್ತು. ಹಿಸ್ಟರಿ ಟೀಚರ್ ನೋಡು, ಹೇಳದೆ ಇರಲಾಗುವುದಿಲ್ಲ.

ಮತ್ತೆ 'ಗ್ಯಾರಂಟಿ ಕ್ಯಾಬಿನ್' ಅಂತ ಅಗ್ಗದ ರೇಟು ತೋರಿಸುತ್ತಾರೆ. ನಮ್ಮ ಸರ್ಕಾರದ ಗ್ಯಾರಂಟಿ ಅಲ್ಲ ಅದು. ರೂಮ್ ನಂಬರನ್ನು ಅವರೇ ಆಮೇಲೆ ಆರಿಸಿ ಕೊಡುತ್ತಾರೆ. ಒಂದು ರೂಮು ಸಿಗುವುದು ಗ್ಯಾರಂಟಿ, ಎಲ್ಲಿ ಅನ್ನುವುದು ಅವರಿಷ್ಟ. ವಯಸ್ಸಾದವರಿಗೆ ಅದು ಬೇಡವೇ ಬೇಡ.

ತೀರ್ಥಹಳ್ಳಿ ಕಡೆಯವ:

ಟೀಚರ್ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ನಾನು 7 ವರ್ಷ ಹಡಗಿನಲ್ಲಿ ಹೌಸ್‌ಕೀಪಿಂಗ್ ಮಾಡಿದವನು. ದಿನಕ್ಕೆ ಹದಿನೈದು-ಇಪ್ಪತ್ತು ರೂಮು ಗುಡಿಸಿ, ಹಾಸಿಗೆ ಹಾಕಿದ್ದೇನೆ. ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ.

ಮೊದಲು ಅಮ್ಮನ ವಿಷಯ. ಅಲೆ ಎದುರಿನಿಂದ ಬಂದರೆ ಹಡಗಿನ ಮೂತಿ ಏಳುತ್ತದೆ, ಬಾಲ ಇಳಿಯುತ್ತದೆ. ಮಕ್ಕಳು ಹಲಗೆಯ ಎರಡು ತುದಿಗೆ ಕೂತು ಏರಿಳಿಯುತ್ತಾರಲ್ಲ, ಹಾಗೆ. ನಡುವೆ ಕೂತವನಿಗೆ ಅಷ್ಟು ಗೊತ್ತಾಗುವುದಿಲ್ಲ. ಅಲೆ ಪಕ್ಕದಿಂದ ಬಂದರೆ ಹಡಗು ಎಡಕ್ಕೆ ಬಲಕ್ಕೆ ವಾಲುತ್ತದೆ. ಆಗ ಅಡಿಕೆ ಮರದ ಹಾಗೆ. ಬುಡ ಅಲ್ಲಾಡುವುದು ಕಡಿಮೆ, ತುದಿ ತೂಗುವುದು ಜಾಸ್ತಿ. ಈ ವಾಲಾಟ ಕಡಿಮೆ ಮಾಡುವುದಕ್ಕೆ ಹಡಗಿನ ಹೊಟ್ಟೆಯ ಎರಡು ಕಡೆ ಮೀನಿನ ರೆಕ್ಕೆಯ ಥರ ಸ್ಟೆಬಿಲೈಜರ್ ಇರುತ್ತದೆ. ಮೂತಿ ಏಳುವುದಕ್ಕೆ ಅದು ಏನೂ ಮಾಡಲಾರದು. ನಾವು ಸಿಬ್ಬಂದಿ ಮಲಗುತ್ತಿದ್ದದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಒಂದು ಗೂಡಿನಲ್ಲಿ ಇಬ್ಬರು. ಮಳೆಗಾಲದ ಸಮುದ್ರದಲ್ಲೂ ತೊಟ್ಟಿಲಿನ ಹಾಗೆ ನಿದ್ದೆ ಬರುತ್ತಿತ್ತು. ಹತ್ತನೇ ಡೆಕ್ಕಿನ ದುಬಾರಿ ಸೂಟ್ ರೂಮಿನವರು ವಾಂತಿ ಕವರ್ ಕೇಳಿ ಫೋನ್ ಮಾಡುತ್ತಿದ್ದರು.

ಆದರೆ ಕಿಟಕಿಯೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ತಲೆ ಸುತ್ತುವುದು ಯಾಕೆ ಅಂದರೆ, ಮೈ ಓಲಾಡುತ್ತಿದೆ ಅಂತ ಕಿವಿಯ ಒಳಗಿನ ಭಾಗ ಹೇಳುತ್ತದೆ, ಎದುರಿನ ಗೋಡೆ ಅಲ್ಲಾಡುತ್ತಿಲ್ಲ ಅಂತ ಕಣ್ಣು ಹೇಳುತ್ತದೆ. ಮಿದುಳಿಗೆ ಯಾರನ್ನು ನಂಬಬೇಕೋ ಗೊತ್ತಾಗುವುದಿಲ್ಲ. ದೂರದಲ್ಲಿ ಸಮುದ್ರ, ಆಕಾಶ ಸೇರುವ ಗೆರೆ ನೋಡುತ್ತಾ ಇದ್ದರೆ ಎಷ್ಟೋ ಹಗುರ. ಘಾಟಿಯಲ್ಲಿ ಡ್ರೈವರ್‌ಗೆ ವಾಂತಿ ಬರುವುದಿಲ್ಲವಲ್ಲ, ರಸ್ತೆ ನೋಡುತ್ತಿರುತ್ತಾನೆ. ನಿಮ್ಮಮ್ಮನಿಗೆ ಕಿಟಕಿ ಬೇಕು.

ಮುಂದಿನ ತುದಿಯ ರೂಮು ತೊಗೋಬೇಡಿ. ಮೂತಿಯ ಅಡಿಯಲ್ಲಿ ಥ್ರಸ್ಟರ್ ಅಂತ ಅಡ್ಡಡ್ಡ ಫ್ಯಾನು ಇರುತ್ತದೆ. ಬಂದರಿನಲ್ಲಿ ಹಡಗನ್ನು ಪಕ್ಕಕ್ಕೆ ಸರಿಸುವುದಕ್ಕೆ ಅದನ್ನು ಹಾಕುತ್ತಾರೆ, ಅದೂ ಸಾಮಾನ್ಯವಾಗಿ ಬೆಳಗಿನ ಜಾವ. ಕೆಳಗಿನ ಡೆಕ್ಕಿನ ಮುಂದಿನ ರೂಮಿನಲ್ಲಿದ್ದರೆ ರೈಸ್ ಮಿಲ್ಲಿನಲ್ಲಿ ಮಲಗಿದ ಹಾಗೆ. ಲಕ್ಷದ್ವೀಪದಲ್ಲಂತೂ ಹಡಗು ದಡಕ್ಕೆ ತಾಗುವುದಿಲ್ಲ. ದ್ವೀಪದ ಸುತ್ತಲಿನ ನೀರು, ಲಗೂನು ಅನ್ನುತ್ತಾರೆ, ಆಳವಿಲ್ಲ, ದೂರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಲಂಗರು ಬಿಟ್ಟರೆ ಸರಪಳಿಯ ಸದ್ದು ಕೇಳುವುದೂ ಆ ತುದಿಯಲ್ಲೇ. ಅಮ್ಮನ ಮಂಡಿ ನೋವಿಗೆ ಈ ದೋಣಿಗೆ ಇಳಿಯುವುದೇ ದೊಡ್ಡ ವಿಷಯ, ಕ್ಯಾಬಿನ್ ಅಲ್ಲ. ಹಡಗಿನಿಂದ ದೋಣಿಗೆ ಕಾಲಿಡುವಾಗ ಎರಡೂ ಅಲ್ಲಾಡುತ್ತಿರುತ್ತವೆ. ಸಿಬ್ಬಂದಿ ಎರಡು ಕೈ ಹಿಡಿದು ಇಳಿಸುತ್ತಾರೆ, ಆದರೂ ಮೊದಲೇ ಹೇಳಿಡಿ.

ಇನ್ನು ರೂಮು ಅಂದರೆ ದೊಡ್ಡದು ಅಂದುಕೊಳ್ಳಬೇಡಿ. ಒಳಗಿನದು ಸುಮಾರು 150 ಚದರ ಅಡಿ, ನಮ್ಮ ಕಡೆ ದೇವರ ಕೋಣೆ, ಉಗ್ರಾಣ ಸೇರಿಸಿದರೆ ಅಷ್ಟಾಗುತ್ತದೆ. ಎರಡು ಮಂಚ ಬೇರೆ ಬೇರೆ ಬೇಕಾ, ಸೇರಿಸಿ ಬೇಕಾ ಬುಕಿಂಗ್‌ನಲ್ಲೇ ಹೇಳಿ. ಬಚ್ಚಲಿನ ಹೊಸ್ತಿಲು ಸ್ವಲ್ಪ ಎತ್ತರ, ರಾತ್ರಿ ಎಡವುವವರು ಜಾಸ್ತಿ. ಬಚ್ಚಲಿನ ದೀಪ ಹಾಕಿಟ್ಟು ಬಾಗಿಲು ಓರೆ ಮಾಡಿ ಮಲಗಲಿ. ಪಕ್ಕದ ರೂಮಿಗೆ ಒಳಬಾಗಿಲು ಇರುವ ಕ್ಯಾಬಿನ್ ಬೇಡ, ಆ ಕಡೆಯ ಗೊರಕೆಯೂ ಕೇಳುತ್ತದೆ. ಗೋಡೆ ಕಬ್ಬಿಣದ ತಗಡು, ಆಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಪಂಚೆ, ಚೀಲ ನೇತುಹಾಕಬಹುದು.

ಸಾಗರದ ಮಗಳು:

ಅಯ್ಯೋ, ಇಷ್ಟೆಲ್ಲ ಇದೆಯಾ! ಟೀಚರ್, ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ಏಜೆಂಟ್ ಹತ್ರ ಡೆಕ್ ಪ್ಲ್ಯಾನ್ ಕೇಳಿದೆ. ಅವನಿಗೇ ಆಶ್ಚರ್ಯ, ಯಾರೂ ಕೇಳಲ್ಲವಂತೆ. ಈಗ ಉಳಿದಿರುವ ಬಾಲ್ಕನಿ ರೂಮೆಲ್ಲ ಮೇಲಿನ ಡೆಕ್ಕಿನಲ್ಲಿ, ಹಿಂದಿನ ತುದಿಯಲ್ಲಿ. ಕಿಟಕಿಯದು ಕೆಳಗಿನ ಡೆಕ್ಕಿನ ನಡುವೆ ಎರಡು ಇದೆ. ಅಮ್ಮನಿಗೆ ಒಳ್ಳೆಯದು ಮಾಡಲು ಹೋದರೆ ಅಪ್ಪನ ಜಗುಲಿ ಹೋಗುತ್ತದೆ. ಎಡಗಡೆ, ಬಲಗಡೆ ಅಂತ ಬೇರೆ ಕೇಳುತ್ತಿದ್ದಾನೆ.

ತೀರ್ಥಹಳ್ಳಿ ಕಡೆಯವ:

ಮುಂಬೈನಿಂದ ದಕ್ಷಿಣಕ್ಕೆ ಬರುವಾಗ ಬಲಗಡೆ ಪಶ್ಚಿಮ, ಸೂರ್ಯ ಮುಳುಗುವುದು ಆ ಕಡೆ. ವಾಪಸ್ ಹೋಗುವಾಗ ಎಡಗಡೆ. ಹೋಗಿಬರುವ ಟ್ರಿಪ್ಪಿಗೆ ಎರಡೂ ಒಂದೇ. ಕಿಟಕಿಯ ಮುಂದೆ ಲೈಫ್‌ಬೋಟ್ ಇದೆಯಾ ಅದನ್ನು ಮಾತ್ರ ಕೇಳಿ.

ಬಾಲ್ಕನಿ ವಿಷಯದಲ್ಲಿ ನನಗೆ ಇನ್ನೊಂದು ಹೆದರಿಕೆ ಇತ್ತು, ಹೇಳಲೋ ಬೇಡವೋ ಅಂತಿದ್ದೆ. ನಿಮ್ಮಪ್ಪ ಕವಳ ಹಾಕುತ್ತಾರೆ ಅಂದಿರಲ್ಲ. ಜಗುಲಿಯಿಂದ ಅಂಗಳಕ್ಕೆ ಉಗಿದ ಹಾಗೆ ಬಾಲ್ಕನಿಯಿಂದ ಉಗಿದರೆ ಸಮುದ್ರಕ್ಕೆ ಬೀಳುವುದಿಲ್ಲ. ಗಾಳಿ ತಿರುಗಿಸಿ ಕೆಳಗಿನ ಬಾಲ್ಕನಿಗೆ ಹಾಕುತ್ತದೆ. ಅದನ್ನು ಒರೆಸಿದವನು ನಾನು. ಬಾಲ್ಕನಿಯಿಂದ ಏನೂ ಎಸೆಯಬಾರದು ಅನ್ನುವುದು ಹಡಗಿನಲ್ಲಿ ಬಹಳ ಕಟ್ಟುನಿಟ್ಟು. 2006ರಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನಲ್ಲಿ ಬೆಂಕಿ ಹೊತ್ತಿದ್ದೇ ಬಾಲ್ಕನಿಯಲ್ಲಿ, ಆರಿಸದೆ ಎಸೆದ ಸಿಗರೇಟು ಕಾರಣ ಇರಬಹುದು ಅಂತ ತನಿಖೆಯವರು ಹೇಳಿದ್ದರು.

ರಿಟೈರ್ಡ್ ಟೀಚರ್, ವಿನೋಬನಗರ:

ಕಿಟಕಿಯದೇ ತೊಗೋ ತಂಗಿ. ಜಗುಲಿ ಇಲ್ಲದಿದ್ದರೆ ಏನಾಯಿತು, ಊರ ಅರಳೀಕಟ್ಟೆ ಇದೆಯಲ್ಲ. ಬೆಳಿಗ್ಗೆ 5ಕ್ಕೆ ತೆರೆದ ಡೆಕ್ಕಿನಲ್ಲಿ ಕುರ್ಚಿ ಖಾಲಿ ಇರುತ್ತದೆ. ಅಲ್ಲಿ ಕೂರುವುದಕ್ಕೆ 24 ಸಾವಿರ ಕೊಡಬೇಕಾಗಿಲ್ಲ. ಅಮ್ಮನಿಗೆ ವಾಂತಿ ಮಾತ್ರೆ ಡಾಕ್ಟರ್ ಹತ್ರ ಕೇಳಿ ಒಯ್ಯಿ, ಬಿಪಿ ಮಾತ್ರೆ ಇದ್ದರೆ ಅದನ್ನೂ ಹೇಳು. ಮಾತ್ರೆಯನ್ನು ತಲೆ ಸುತ್ತಿದ ಮೇಲೆ ನುಂಗಿದರೆ ಅಷ್ಟು ಪ್ರಯೋಜನವಿಲ್ಲ, ಮೊದಲೇ ತೊಗೋಬೇಕು. ಒಣಶುಂಠಿ ಒಂದು ತುಂಡು ಬ್ಯಾಗಿನಲ್ಲಿರಲಿ.

ಬೆನ್ನಿಗೊಂದು ಬ್ಯಾಗು:

ನಾನು ಒಳಗಿನ ಕ್ಯಾಬಿನ್ನೇ ಅನ್ನುತ್ತೇನೆ. ಆದರೆ ಟೀಚರ್ ಮುಂದೆ ವಾದ ಮಾಡುವಷ್ಟು ಧೈರ್ಯ ಇಲ್ಲ.

ಸಾಗರದ ಮಗಳು:

ಬುಕ್ ಆಯಿತು. ಕೆಳಗಿನ ಡೆಕ್ಕು, ನಡುಭಾಗ, ಕಿಟಕಿ. ಎದುರಿಗೆ ಬೋಟ್ ಇಲ್ಲ ಅಂತ ಏಜೆಂಟ್ ಹತ್ರ ಬರೆಸಿಕೊಂಡಿದ್ದೇನೆ. ಹೊನ್ನಾವರದಿಂದ ಮುಂಬೈಗೆ ಮತ್ಸ್ಯಗಂಧ ರೈಲು, ಇಬ್ಬರಿಗೂ ಲೋವರ್ ಬರ್ತ್.

ಬಾಲ್ಕನಿ ಇಲ್ಲ ಅಂತ ಅಪ್ಪನಿಗೆ ಹೇಗೆ ಹೇಳುವುದು ಅಂತ ನಾನು ಒದ್ದಾಡುತ್ತಿದ್ದರೆ, ಅವರು 'ಅಲ್ಲಿ ಒಬ್ಬನೇ ಕೂತು ಏನು ಮಾಡಲಿ ಮಾರಾಯ್ತಿ, ದಾರಿಯಲ್ಲಿ ಹೋಗುವವರು ಯಾರಾದರೂ ಇರುತ್ತಾರಾ?' ಅಂದರು. ಇಷ್ಟು ವರ್ಷ ಜಗುಲಿಯಲ್ಲಿ ಅವರು ತೋಟ ನೋಡುತ್ತಾ ಕೂರುತ್ತಾರೆ ಅಂದುಕೊಂಡಿದ್ದೆ ನಾನು!

ಈಗ ಅವರದು ಒಂದೇ ಪ್ರಶ್ನೆ. ಪೀಕದಾನಿ ಒಯ್ಯಬಹುದಾ?

ತೀರ್ಥಹಳ್ಳಿ ಕಡೆಯವ:

ಎಲೆ-ಅಡಿಕೆ ಒಳಗೆ ಬಿಡುತ್ತಾರಾ ಅಂತ ಏಜೆಂಟ್ ಹತ್ರ ಮೊದಲು ಕೇಳಿ, ಮನೆಯ ತಿನ್ನುವ ವಸ್ತು ಎಷ್ಟೋ ಹಡಗಿನಲ್ಲಿ ಬಿಡುವುದಿಲ್ಲ. ಬಿಟ್ಟರೆ ಮುಚ್ಚಳ ಇರುವ ಸ್ಟೀಲ್ ಡಬ್ಬಿ ಒಯ್ಯಲಿ. ಬೆಳಿಗ್ಗೆ ಅವರೇ ತೊಳೆದಿಡಲಿ, ಕ್ಯಾಬಿನ್ ಹುಡುಗನಿಗೆ ಬಿಡುವುದು ಬೇಡ. ಆ ಹುಡುಗನೂ ಯಾರೋ ಊರು ಬಿಟ್ಟು ಬಂದವನೇ.