ಮೊದಲ ಸಲ ಸ್ಕೈಡೈವಿಂಗ್: ಹಾರಲೇ, ಬಿಡಲೇ?

ಪ್ರಶ್ನೆ:
ಊರು ಪುತ್ತೂರು, ಈಗ ಶಾರ್ಜಾದಲ್ಲಿ ಲೆಕ್ಕಪತ್ರದ ಕೆಲಸ. ವಯಸ್ಸು 46. ದುಬೈಯ ಪಾಮ್ ಜುಮೇರಾ ಎಂಬ ಕೃತಕ ದ್ವೀಪದ ಮೇಲೆ 13,000 ಅಡಿಯಿಂದ, ವಿಮಾನದಿಂದ ಧುಮುಕೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ನಮ್ಮ ಅಪ್ಪ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಬಾಗಿ ದಾಟುತ್ತಿದ್ದವರು; ನನಗೋ ನಾಲ್ಕನೇ ಮಹಡಿಯಲ್ಲಿ ಬಟ್ಟೆ ಒಣಹಾಕುವಾಗಲೇ ಅಂಗಾಲು ಜುಮ್ಮೆನ್ನುತ್ತದೆ. ಹಾರಿದವರು ಯಾರಾದರೂ ಇದ್ದೀರಾ?

ಉತ್ತರ 1:
ನಾನು ಹಾರಿದ್ದೇನೆ. ಎತ್ತರದ ಭಯ ಅಲ್ಲಿ ಅಷ್ಟಾಗಿ ಕಾಡಲಿಲ್ಲ. ನೆಲ ಭೂಪಟದಂತೆ ಕಾಣುತ್ತದೆ, ಅಷ್ಟೇ. ನಿಜವಾದ ಕಷ್ಟ ವಿಮಾನದ ಬಾಗಿಲಂಚಿನ ಆ ನಾಲ್ಕು ಕ್ಷಣ. ಆಮೇಲೆ ಸುಮಾರು ಒಂದು ನಿಮಿಷ, ಗಂಟೆಗೆ 200 ಕಿ.ಮೀ. ಆಸುಪಾಸಿನ ವೇಗ. ಗಾಳಿಯ ಮೊರೆತದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲಿನ ಮೌನಕ್ಕಾಗಿ ಇನ್ನೊಮ್ಮೆ ದುಡ್ಡು ಕೊಟ್ಟೇನು.

ಉತ್ತರ 2:
ನಿಮ್ಮ ಜೊತೆಗೇ ಹಾರುವ ಬೋಧಕರ ಎದೆಗೆ ನಿಮ್ಮನ್ನು ನಾಲ್ಕು ಕೊಂಡಿಗಳಿಂದ ಬಿಗಿದಿರುತ್ತಾರೆ. ಅವರ ಬೆನ್ನಚೀಲದಲ್ಲಿ ಮೀಸಲು ಪ್ಯಾರಾಚೂಟ್ ಕೂಡ ಇರುತ್ತದೆ. ಯಾರೂ ಎಳೆಯದಿದ್ದರೂ ನಿಗದಿತ ಎತ್ತರದಲ್ಲಿ ಅದನ್ನು ಬಿಚ್ಚುವ ಉಪಕರಣವೂ ಉಂಟು. ರಕ್ತದೊತ್ತಡ, ಬೆನ್ನುನೋವು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಇಳಿಯುವಾಗ ಕಾಲುಗಳನ್ನು ಮುಂದಕ್ಕೆ ಎತ್ತಿ ಹಿಡಿಯಬೇಕು. ನಾನು ಮರೆತು ಮೊಣಕಾಲು ತರಚಿಕೊಂಡೆ.

ಪ್ರಶ್ನೆ ಕೇಳಿದವರು:
ಬೆನ್ನು ಗಟ್ಟಿಯಾಗಿದೆ, ತೂಕದ್ದೇ ಚಿಂತೆ. ಮಿತಿ ಮೀರಿದರೆ ಹಾರಿಸುವುದಿಲ್ಲವಂತೆ. ಅದೇ ನೆಪ ಹೇಳಿ ಪಾರಾಗೋಣ ಎಂದುಕೊಂಡಿದ್ದೆ. ಮಗಳು ನಿನ್ನೆ ರಾತ್ರಿಯಿಂದಲೇ ನನ್ನ ಚಪಾತಿಗೆ ತುಪ್ಪ ನಿಲ್ಲಿಸಿದ್ದಾಳೆ. ಊರಿನಲ್ಲಿರುವ ಅಮ್ಮನಿಗೆ ನೆಲ ಮುಟ್ಟಿದ ಮೇಲೆಯೇ ಫೋನ್ ಮಾಡುತ್ತೇನೆ.