ಪದ ಬೇಕು, ತುರ್ತು: ‘ಕ್ಲೈಮೇಟ್ ಅಡಾಪ್ಟೇಶನ್’ಗೆ ಕನ್ನಡ? ಫ್ಲೆಕ್ಸ್ ಇವತ್ತೇ ಹೋಗಬೇಕು

ಅನುವಾದಕಿ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾಡಿದ್ದು ಇಲ್ಲಿ ರೈತರಿಗೂ ಪಂಚಾಯ್ತಿ ಸದಸ್ಯರಿಗೂ ಒಂದು ಕಾರ್ಯಾಗಾರ ಇದೆ. ಕ್ಲೈಮೇಟ್ ಚೇಂಜ್ ಅಡಾಪ್ಟೇಶನ್ (ಬದಲಾಗುತ್ತಿರುವ ಹವಾಮಾನಕ್ಕೆ ತಕ್ಕಂತೆ ನಡೆ ಬದಲಿಸಿಕೊಳ್ಳುವುದು) ವಿಷಯದಲ್ಲಿ ಬೇರೆ ಬೇರೆ ದೇಶಗಳ ರಾಜ್ಯ, ಪ್ರಾಂತ್ಯ ಮಟ್ಟದ ಸರ್ಕಾರಗಳು ಹೇಗೆ ಒಟ್ಟಾಗಿ ಕೆಲಸ ಮಾಡುತ್ತಿವೆ, ಕಾವೇರಿ ಕೊಳ್ಳದವರು ಅದರಿಂದ ಏನು ತೆಗೆದುಕೊಳ್ಳಬಹುದು ಅನ್ನುವುದು ವಿಷಯ. ಕೈಪಿಡಿಯ ಅನುವಾದ ನನ್ನದು. ಒಳಪುಟಗಳಲ್ಲಿ ಅಡಾಪ್ಟೇಶನ್‌ಗೆ ‘ಹೊಂದಾಣಿಕೆ’ ಅಂತಲೇ ಹಾಕಿಕೊಂಡು ಬಂದಿದ್ದೇನೆ. ವೇದಿಕೆಯ ಫ್ಲೆಕ್ಸಿಗೆ ಸಂಘಟಕರು ಬರೆದುಕೊಟ್ಟ ಸಾಲು ಇದು:

‘ಹವಾಮಾನ ವೈಪರೀತ್ಯ: ಪ್ರಾದೇಶಿಕ ಸರ್ಕಾರಗಳ ಹೊಂದಾಣಿಕೆ’

ಓದಿದಾಗಲೆಲ್ಲ ಎಲ್ಲೋ ಎಡವಿದ ಹಾಗಾಗುತ್ತದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ಸಂಜೆ ಐದರೊಳಗೆ ಪ್ರಿಂಟಿಂಗ್ ಅಂಗಡಿಗೆ ಕಳಿಸಬೇಕು. ದಯವಿಟ್ಟು ಪದ ಕೊಡಿ, ಪ್ರಬಂಧ ಬೇಡ.

ಮೇಷ್ಟ್ರು, ಕುವೆಂಪುನಗರ:

ಪದ ಕೊಡುವ ಮೊದಲು ಇದ್ದದ್ದನ್ನು ತಿದ್ದೋಣ. ‘ವೈಪರೀತ್ಯ’ ಇಲ್ಲಿ ಸಲ್ಲದು. ಒಂದು ರಾತ್ರಿ ಎಡೆಬಿಡದೆ ಸುರಿದು ಕೆರೆಕೋಡಿ ಒಡೆದರೆ ಅದು ವೈಪರೀತ್ಯ. ಮೂವತ್ತು ವರ್ಷಗಳ ಸರಾಸರಿಯೇ ಜಾಗ ಬಿಟ್ಟು ಸರಿದರೆ ಬದಲಾವಣೆ. ಎರಡನ್ನೂ ಒಂದೇ ಮಡಕೆಗೆ ಹಾಕಿದವರು ಪತ್ರಿಕೆಯವರು. ‘ಹವಾಮಾನ’ವೂ ಸಲ್ಲದು. ಶಾಲೆಯ ಭೂಗೋಳದಲ್ಲೇ ದಿನದಿನದ ಸ್ಥಿತಿಗೆ ಹವಾಮಾನ, ದೀರ್ಘಕಾಲದ ಸ್ಥಿತಿಗೆ ವಾಯುಗುಣ ಎಂದು ಬೇರೆ ಮಾಡಿದೆ. ಅದೂ ಅಲ್ಲದೆ ಹವಾ ಅರಬ್ಬಿ, ಮಾನ ಸಂಸ್ಕೃತ, ಹುಟ್ಟುತ್ತಲೇ ಅರಿಸಮಾಸ. ಅದಕ್ಕೆ ಅಚ್ಚಗನ್ನಡದ ‘ಹೊಂದಾಣಿಕೆ’ಯನ್ನು ಬೇರೆ ಅಂಟಿಸಿದ್ದೀರಿ. ‘ವಾಯುಗುಣ ಅನುಕೂಲನ’ ಎಂದು ಬರೆಯಿರಿ. ಶುದ್ಧವಾಗಿದೆ, ಚಿಕ್ಕದಾಗಿದೆ.

ಡೆಸ್ಕಿನವನು, ಮೈಸೂರು:

ಅನುಕೂಲನ ಹಿಂದಿ ಪಠ್ಯಪುಸ್ತಕದ ಸರಕು. ಮಂಡ್ಯದಲ್ಲಿ ‘ವಾಯುಗುಣ ಅನುಕೂಲನ’ ಅಂತ ಫ್ಲೆಕ್ಸ್ ಕಟ್ಟಿದರೆ ಗಾಳಿ ಬೆಳಕು ಚೆನ್ನಾಗಿರೋ ಬಡಾವಣೆಯ ಸೈಟು ಮಾರಾಟಕ್ಕಿದೆ ಅಂದುಕೊಳ್ತಾರೆ. ‘ಹವಾಮಾನ ಬದಲಾವಣೆ’ ಜನರ ಬಾಯಲ್ಲಿ ಕೂತಾಗಿದೆ, ಅದನ್ನ ಏಳಿಸೋಕೆ ಹೋಗಬೇಡಿ. ವೈಪರೀತ್ಯದ ಬಗ್ಗೆ ಮೇಷ್ಟ್ರು ಹೇಳಿದ್ದು ಒಪ್ಪಿದೆ.

ಪದಕಟ್ಟೋನು, ಪಾಂಡವಪುರ:

ಅಕ್ಕ, ‘ಒಗ್ಗಿಕೆ’ ಬಳಸಿ. ಕಟ್ಟಿದ ಪದ ಅಲ್ಲ, ಅಜ್ಜಿಯರ ಬಾಯಲ್ಲಿರೋದು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ‘ಆ ಊರ ನೀರು ನಂಗೆ ಒಗ್ಗಲಿಲ್ಲ’ ಅಂತಾಳಲ್ಲ, ಅಡಾಪ್ಟೇಶನ್ ಅಂದರೆ ಅದೇ. ಇನ್ನೊಂದು ಸೊಗಸು ನೋಡಿ: ಒಗ್ಗು, ಒಗ್ಗಟ್ಟು ಎರಡೂ ಒಂದೇ ಬೇರಿನಿಂದ ಬಂದವು. ‘ಒಗ್ಗಿಕೆಗೆ ನಾಡುಗಳ ಒಗ್ಗಟ್ಟು’ ಅಂದರೆ ಮುಗೀತು. ಸರ್ಕಾರ ಪಾರಸಿಯ ಪದ, ಬಿಟ್ಟುಬಿಡಿ. ಒಟ್ಟಾಗಿ ದುಡಿಯೋದಕ್ಕೆ ನಮ್ಮ ಕಡೆ ‘ಮುಯ್ಯಾಳು’ ಅನ್ನೋ ಪದ ಇದ್ದೇ ಇದೆ. ನಾಟಿಗೆ ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ಅದನ್ನೂ ಎಲ್ಲಾದರೂ ಸೇರಿಸಿ.

ಮೇಷ್ಟ್ರು, ಕುವೆಂಪುನಗರ:

ಒರ್ + ಕಟ್ಟು = ಒಗ್ಗಟ್ಟು. ‘ಒಗ್ಗು’ವಿಗೂ ಅದಕ್ಕೂ ನಂಟಿಲ್ಲ. ಪ್ರಾಸ ಕೂಡಿದ್ದೆಲ್ಲ ಧಾತು ಆಗುವುದಿಲ್ಲ.

ಡೆಸ್ಕಿನವನು, ಮೈಸೂರು:

ಮುಯ್ಯಾಳು ಚೆಂದವಾಗಿದೆ ಮಾರಾಯ. ಆದರೆ ಕಾವೇರಿ ಮಾತಾಡೋ ಸಭೆಯಲ್ಲಿ ಕರ್ನಾಟಕ, ತಮಿಳುನಾಡು ಎರಡರ ನಡುವೆ ‘ಮುಯ್ಯಿ’ ಅಂತ ತಂದಿಟ್ಟು ನೋಡು. ‘ಮುಯ್ಯಿಗೆ ಮುಯ್ಯಿ’ ಅಂತಲೇ ಓದಿಕೊಳ್ತಾರೆ.

ಅನುವಾದಕಿ, ಮಂಡ್ಯ:

ಒಗ್ಗಿಕೆ ಇಷ್ಟವಾಯಿತು, ಬರೆದಿಟ್ಟುಕೊಂಡೆ. ‘ಪ್ರಾದೇಶಿಕ’ದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅದೂ ಪೇಚು. ಪ್ಯಾರಿಸ್ ಒಪ್ಪಂದದ 7ನೇ ವಿಧಿಯಲ್ಲಿ ಅಡಾಪ್ಟೇಶನ್‌ಗೆ ಸ್ಥಳೀಯ, ದೇಶದೊಳಗಿನ, ರಾಷ್ಟ್ರೀಯ, ರೀಜನಲ್, ಅಂತರರಾಷ್ಟ್ರೀಯ ಆಯಾಮಗಳಿವೆ ಅಂತ ಮಟ್ಟಗಳನ್ನು ಸಾಲಾಗಿ ಹೇಳಿದ್ದಾರೆ. ಅಲ್ಲಿ ರೀಜನಲ್ ಬರುವುದು ರಾಷ್ಟ್ರಕ್ಕಿಂತ ಮೇಲೆ, ದಕ್ಷಿಣ ಏಷ್ಯಾ ಅನ್ನುವಷ್ಟು ದೊಡ್ಡದಾಗಿ. ಆದರೆ ಯುರೋಪಿನವರಿಗೆ ರೀಜನ್ ಅಂದರೆ ದೇಶದ ಒಳಗಿನ ತುಂಡು. 2015ರಲ್ಲಿ ಪ್ಯಾರಿಸ್ ಸಮ್ಮೇಳನದ ಹೊತ್ತಿಗೆ ಶುರುವಾದ ‘ರೀಜನ್ಸ್ ಅಡಾಪ್ಟ್’ ಇಂಥ ಸರ್ಕಾರಗಳ ಕೂಟ. ಕ್ಯಾಟಲೋನಿಯಾ, ರಿಯೊ ಡಿ ಜನೈರೊ ಥರದವು ಅದರಲ್ಲಿವೆ. ಒಂದು ಸ್ಪೇನಿನ ಸ್ವಾಯತ್ತ ಭಾಗ, ಇನ್ನೊಂದು ಬ್ರೆಜಿಲ್‌ನ ರಾಜ್ಯ. ಇವನ್ನೆಲ್ಲ ಯಾವ ಒಂದು ಪದದಲ್ಲಿ ಹಿಡಿಯಲಿ?

ಡೆಸ್ಕಿನವನು, ಮೈಸೂರು:

‘ರಾಜ್ಯ’ ಅನ್ನಿ, ಸಾಕು. ಮೈಸೂರಲ್ಲಿ ಪ್ರಾದೇಶಿಕ ಅಂದರೆ ಮೊದಲು ನೆನಪಾಗೋದು ಪ್ರಾದೇಶಿಕ ಆಯುಕ್ತರು, ಆಮೇಲೆ ಲೈಸೆನ್ಸ್ ಕೊಡೋ ಪ್ರಾದೇಶಿಕ ಸಾರಿಗೆ ಕಚೇರಿ, ಅದೂ ಬಿಟ್ಟರೆ ಪ್ರಾದೇಶಿಕ ಪಕ್ಷ. ಮಂಡ್ಯದಲ್ಲಿ ಮೂರನೆಯದೇ ಮೊದಲು.

ನಾಲೆ ಇಂಜಿನಿಯರ್ (ನಿವೃತ್ತ), ಮಂಡ್ಯ:

ಅಮ್ಮಾ, ನೀವು ಎಡವಿದ ಜಾಗ ಎಲ್ಲಿದೆ ಅಂತ ನಾನು ಹೇಳ್ತೀನಿ. ಹವಾಮಾನದಲ್ಲೂ ಇಲ್ಲ, ಪ್ರಾದೇಶಿಕದಲ್ಲೂ ಇಲ್ಲ. ‘ಸರ್ಕಾರಗಳ ಹೊಂದಾಣಿಕೆ’ ಅನ್ನೋ ಎರಡು ಪದ ಅಕ್ಕಪಕ್ಕ ಕೂತಿರೋದರಲ್ಲಿದೆ. ಈ ಜಿಲ್ಲೆಯಲ್ಲಿ ‘ಹೊಂದಾಣಿಕೆ ರಾಜಕಾರಣ’ ಅಂದರೆ ಏನು ಅಂತ ಟೀ ಅಂಗಡಿ ಹುಡುಗನಿಗೂ ಗೊತ್ತು. ಮೇಲೆ ಜಗಳ, ಒಳಗೆ ಕೊಡುಕೊಳ್ಳು. ನಾಡಿದ್ದು ಸಭೆಗೆ ಬರೋ ರೈತ ಆ ಫ್ಲೆಕ್ಸ್ ನೋಡಿದ ತಕ್ಷಣ, ಎರಡು ಸರ್ಕಾರ ಸೇರಿಕೊಂಡು ಕೆಆರ್‌ಎಸ್ ನೀರು ಬಿಟ್ಟುಬಿಟ್ಟವು, ಅದಕ್ಕೆ ನಮ್ಮನ್ನ ಒಪ್ಪಿಸೋಕೆ ಕರೆಸಿದ್ದಾರೆ ಅಂತಲೇ ತಿಳ್ಕೊಳ್ತಾನೆ. 2023ರಲ್ಲಿ ಇಲ್ಲಿ ಏನಾಯ್ತು ಅಂತ ನೋಡಿದವರು ಯಾರೂ ಆ ಸಾಲು ಬರೆಯಲ್ಲ. ಸೆಪ್ಟೆಂಬರಲ್ಲೇ 195 ತಾಲ್ಲೂಕು ಬರ ಅಂತ ಘೋಷಣೆ ಆಗಿತ್ತು, ಇತ್ತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಿಂದ ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶ, ಹೆದ್ದಾರೀಲಿ ಧರಣಿ. ಕೊನೇ ಭಾಗದ ನಾಲೆಯವನಿಗೆ ಪೈರು ಒಣಗ್ತಾ ಇತ್ತು. ಅವನ ಮುಂದೆ ‘ಹೊಂದಾಣಿಕೆ’ ಅಂತ ನಿಲ್ಲಿಸ್ತೀರಾ?

ಒಗ್ಗಿಕೆ ಅನ್ನೋ ಹುಡುಗನಿಗೂ ಒಂದು ಮಾತು. ಪದ ಸವಿಯಾಗಿದೆ. ಆದರೆ ಒಗ್ಗೋದು ಮೈಗೆ ಸಂಬಂಧಪಟ್ಟದ್ದು, ತಾನಾಗಿ ಆಗುವಂಥದ್ದು. ಬಿಸಿಲಿಗೆ ಒಗ್ಗಿದ ಅಂತೀವಿ, ಅದರಲ್ಲಿ ಅವನು ಮಾಡಿದ್ದೇನೂ ಇಲ್ಲ. ಅಡಾಪ್ಟೇಶನ್ ಅಂದರೆ ಕೈ ಕೆಸರು ಮಾಡಿಕೊಂಡು ಮಾಡಬೇಕಾದ ಕೆಲಸ. ನಾಲೆಯ ಏರಿ ಸೋರೋದು ನಿಲ್ಲಿಸೋದು, ಕಮ್ಮಿ ನೀರಿನ ತಳಿ ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ ಹೊಲಕ್ಕೆ ತರೋದು, ಬಿತ್ತನೆ ಮೊದಲೇ ಇಂಥ ಬೆಳೆಗೆ ನೀರು ಕೊಡಲ್ಲ ಅಂತ ಬಾಯಿಬಿಟ್ಟು ಹೇಳೋದು. ‘ಬರಕ್ಕೆ ಒಗ್ಗಿಕೊಳ್ಳಿ’ ಅಂದರೆ ‘ಸತ್ಕೊಳ್ಳಿ’ ಅಂದ ಹಾಗೆ ಕೇಳ್ಸುತ್ತೆ.

ನಮ್ಮಲ್ಲಿ ಈ ಕೆಲಸಕ್ಕೆ ಹಳೇ ಪದಗಳು ಇವೆ, ಯಾರೂ ಇಲ್ಲಿ ಎತ್ತಲೇ ಇಲ್ಲ. ವಿಶ್ವೇಶ್ವರಯ್ಯ ನಾಲೆ ಇರ್ವಿನ್ ನಾಲೆ ಆಗಿದ್ದ ಕಾಲದಲ್ಲೇ ಯಾವ ಬ್ಲಾಕಿಗೆ ಕಬ್ಬು, ಯಾವುದಕ್ಕೆ ಭತ್ತ, ಯಾವುದಕ್ಕೆ ಕಮ್ಮಿ ನೀರಿನ ಅರೆಖುಷ್ಕಿ ಬೆಳೆ ಅಂತ ಭಾಗ ಮಾಡಿದ್ದರು. ನೀರು ಕಮ್ಮಿಯಾದ ವರ್ಷ ‘ಕಟ್ಟು ಪದ್ಧತಿ’ ಬರ್ತದೆ: ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಲಿಸೋದು. ತೂಬಿನ ಹತ್ತಿರ ನೀರು ಬಿಡೋ ಆಳು, ಸೌಡಿ, ನಿಂತಿರ್ತಿದ್ದ, ರಾತ್ರಿ ಹೊತ್ತು ಯಾರೋ ಹಲಗೆ ಎತ್ತಿದರೆ ಬೆಳಗ್ಗೆ ಇಡೀ ಊರಿಗೆ ಗೊತ್ತಾಗ್ತಿತ್ತು. ಇದೇ ಅಡಾಪ್ಟೇಶನ್ನು, ನಾವು ಆ ಹೆಸರಿಡಲಿಲ್ಲ ಅಷ್ಟೇ.

ರಾಜ್ಯಗಳ ನಡುವೆಯೂ ಅದೇ ಲೆಕ್ಕ. ‘ಸಂಕಷ್ಟ ಸೂತ್ರ’ ಅಂತ ಪೇಪರಿನಲ್ಲಿ ಬರ್ತದಲ್ಲ. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪಿನಲ್ಲೇ ಹೇಳಿದೆ, ಕೊಳ್ಳದಲ್ಲಿ ನೀರು ಕಮ್ಮಿಯಾದ ವರ್ಷ ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಅಂತ. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲು 284.75 ಟಿಎಂಸಿ, ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಕೊಡಬೇಕಾದ್ದು 177.25 ಟಿಎಂಸಿ ಅಂತ ಮಾಡಿತು. ಒಳ್ಳೇ ವರ್ಷದಲ್ಲಿ ಯಾರಿಗೂ ತಕರಾರಿಲ್ಲ. ಮಳೆ ಕೈಕೊಟ್ಟ ವರ್ಷ ಜೂನ್, ಜುಲೈನಲ್ಲೇ ಕೊರತೆ ಲೆಕ್ಕ ಹಾಕಬೇಕೋ, ಮುಂಗಾರು ಮುಗಿಯೋವರೆಗೆ ಕಾಯಬೇಕೋ ಅನ್ನೋದರಲ್ಲಿ ಜಗಳ. ನಮಗೆ ಮುಂಗಾರು, ಅವರಿಗೆ ಹಿಂಗಾರಿನ ಮಳೆಯೂ ಉಂಟು. ಕಬಿನಿ ಹುಟ್ಟೋದು ಕೇರಳದ ವಯನಾಡಿನಲ್ಲಿ, ಅಲ್ಲಿ ಮಳೆ ಬಂದರೆ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಜಲಾಶಯ ತುಂಬುತ್ತೆ. ಅಂದರೆ ಮಳೆ ಅಳೆಯೋ ಲೆಕ್ಕವನ್ನಾದರೂ ಮೂರು ರಾಜ್ಯ ಕೂತು ಒಂದೇ ಪುಸ್ತಕದಲ್ಲಿ ಬರೀಬೇಕು. ನಿಮ್ಮ ಕೈಪಿಡಿಯ ಕ್ಯಾಟಲೋನಿಯಾ ಕತೆಗಿಂತ ಇದು ಸಭೆಗೆ ಬೇಗ ಅರ್ಥವಾಗ್ತದೆ.

ನನ್ನ ಸಲಹೆ: ‘ಬದಲಾದ ಹವಾಮಾನಕ್ಕೆ ತಕ್ಕ ಬೇಸಾಯ, ತಕ್ಕ ನೀರು: ರಾಜ್ಯಗಳ ಜಂಟಿ ಸಿದ್ಧತೆ’.

ಮೇಷ್ಟ್ರು, ಕುವೆಂಪುನಗರ:

ವಿಷಯ ಸರಿ, ಪರಿಭಾಷೆ ಸಡಿಲ. ‘ಸಿದ್ಧತೆ’ ಎಂದರೆ ಪ್ರವಾಹ ಬರುವ ಮೊದಲು ದೋಣಿ ತಂದಿಡುವುದು. ಅಡಾಪ್ಟೇಶನ್ ಅದಕ್ಕಿಂತ ದೊಡ್ಡದು, ಆದದ್ದಕ್ಕೂ ಆಗಬಹುದಾದ್ದಕ್ಕೂ ತಕ್ಕಂತೆ ನಡೆಯನ್ನೇ ಮಾರ್ಪಡಿಸಿಕೊಳ್ಳುವುದು. ಶಾಸ್ತ್ರದ ಪದಕ್ಕೆ ಶಾಸ್ತ್ರದ ಬಿಗಿ ಬೇಕು. ಎಲ್ಲವನ್ನೂ ತೂಬಿನ ಭಾಷೆಗೆ ಇಳಿಸಿದರೆ ನಾಳೆ ಕಾನೂನು ಬರೆಯುವವನು ಎಲ್ಲಿಗೆ ಹೋಗಬೇಕು? ಇದೇ ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು, ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಸಂಸ್ಕೃತ ಪದ, ದೇಶವೇ ಒಪ್ಪಿಕೊಂಡಿತು. ಆಗ ಯಾರೂ ‘ಅಜ್ಜಿ ಹೀಗೆನ್ನುವುದಿಲ್ಲ’ ಎನ್ನಲಿಲ್ಲ.

ಪದಕಟ್ಟೋನು, ಪಾಂಡವಪುರ:

ದೇಶ ಒಪ್ಪಿದ್ದು ಬೋರ್ಡಿನ ಮೇಲೆ, ಮೇಶ್ಟ್ರೇ. ಮನೆಯಲ್ಲಿ ಎಲ್ಲರೂ ‘ರೇಡಿಯೊ ಹಾಕು’ ಅಂತಲೇ ಅಂದರು. ನಿಮ್ಮ ಮಾತಿನಲ್ಲೇ ‘ಬಾನುಲಿ’ ಬಂತು ನೋಡಿ, ಅಚ್ಚಗನ್ನಡ. ಸಂಸ್ಕ್ರುತದ ಪದ ಬಂದರೆ ಬಿಗಿ, ನಮ್ಮದು ಬಂದರೆ ಸಡಿಲ, ಇದ್ಯಾವ ನ್ಯಾಯ?

ನಾಲೆ ಇಂಜಿನಿಯರ್ (ನಿವೃತ್ತ), ಮಂಡ್ಯ:

ಇಬ್ಬರೂ ನಿಮ್ಮ ನಿಮ್ಮ ಪಹಣಿ ತೆಗೆದು ನೋಡಿ. ಖುಷ್ಕಿ, ತರಿ ಎರಡೂ ಫಾರಸಿ. ಬಾಗಾಯ್ತೂ ಅಲ್ಲಿಂದಲೇ. ಪಹಣಿ ಮರಾಠಿ. ತಾಲ್ಲೂಕು, ಜಿಲ್ಲೆ ಅರಬ್ಬಿ. ಇದನ್ನೆಲ್ಲ ತೆಗೆದುಹಾಕಿದರೆ ಜಮೀನು ಯಾರ ಹೆಸರಿನಲ್ಲೂ ಉಳಿಯಲ್ಲ. ಜಮೀನೂ ಫಾರಸಿಯೇ.

ಪದಕಟ್ಟೋನು, ಪಾಂಡವಪುರ:

ಅವು ಆಳುವವರ ಜೊತೆ ಬಂದವು, ನಾವು ಕೇಳಿ ತಂದದ್ದಲ್ಲ. ಈಗ ಹೊಸ ಪದ ಮಾಡೋ ಸರದಿ ನಮ್ಮ ಕೈಲಿದೆ. ಆಗಲೂ ಸಾಲ ಯಾಕೆ? ‘ಒಗ್ಗಿಸಿಕೆ’ ಅನ್ನಿ. ಎತ್ತನ್ನ ನೊಗಕ್ಕೆ ಒಗ್ಗಿಸ್ತೀವಿ, ಅದು ಕೆಲಸವೇ. ಇಂಜಿನಿಯರ್ ಸಾರ್ ಕೇಳಿದ ‘ಮಾಡುವಿಕೆ’ ಅದರಲ್ಲಿ ಬಂತಲ್ಲ.

ಡೆಸ್ಕಿನವನು, ಮೈಸೂರು:

ಸಭೆಯಲ್ಲಿ ರೈತನೇ ಎತ್ತು ಆಗಿಬಿಡ್ತಾನೆ, ಹುಷಾರು.

ಮೇಷ್ಟ್ರು, ಕುವೆಂಪುನಗರ:

‘ಒಗ್ಗಿಸಿಕೆ’ ಕಿವಿಗೆ ಒಗ್ಗಲಿಲ್ಲ. ಇಷ್ಟಕ್ಕೆ ನನ್ನ ಮಾತು ಮುಗಿಯಿತು.

ಅನುವಾದಕಿ, ಮಂಡ್ಯ:

ಸ್ವಾಮಿಗಳೇ, ನಾಲ್ಕೂವರೆ ಆಯಿತು. ಪ್ರಿಂಟಿಂಗ್ ಅಂಗಡಿಯವರು ‘ಮೇಡಂ, ಮಷಿನ್ ಖಾಲಿ ಇದೆ, ಬೇಗ ಕಳಿಸಿ’ ಅಂತ ಫೋನ್ ಮಾಡುತ್ತಿದ್ದಾರೆ.

ಇಂಜಿನಿಯರ್ ಸಾರ್ ಕೊಟ್ಟ ಸಾಲನ್ನೇ ಸ್ವಲ್ಪ ಕತ್ತರಿಸಿದ್ದೇನೆ. ಫ್ಲೆಕ್ಸಿಗೆ ‘ಬದಲಾದ ಹವಾಮಾನಕ್ಕೆ ತಕ್ಕ ಬೇಸಾಯ, ತಕ್ಕ ನೀರು’ ಅಂತ ದಪ್ಪ ಅಕ್ಷರ, ಕೆಳಗೆ ಸಣ್ಣದಾಗಿ ‘ರಾಜ್ಯ ಸರ್ಕಾರಗಳು ಕೂಡಿ ಮಾಡಬಹುದಾದ್ದೇನು?’. ಸಂಘಟಕರು ‘ಸಹಯೋಗ’ ಹಾಕಿ ಅಂದರು, ನಾನು ಒಪ್ಪಲಿಲ್ಲ. ಯಾವ ಫ್ಲೆಕ್ಸಿನಲ್ಲಾದರೂ ‘ಸಹಯೋಗ’ ಕಂಡರೆ ಅದರ ಕೆಳಗೆ ದುಡ್ಡು ಕೊಟ್ಟವರ ಹೆಸರು ಹುಡುಕುವುದು ಎಲ್ಲರಿಗೂ ಅಭ್ಯಾಸ. ‘ಸಹಕಾರ’ ಅಂದರೆ ಹಾಲಿನ ಡೈರಿ, ಪತ್ತಿನ ಸಂಘ.

ಕೈಪಿಡಿಯ ಒಳಗೆ ‘ಹೊಂದಾಣಿಕೆ’ ಉಳಿಸುತ್ತೇನೆ, ಆದರೆ ಎಲ್ಲೂ ಒಂಟಿಯಾಗಿ ಬಿಡುವುದಿಲ್ಲ, ‘ಹವಾಮಾನ ಹೊಂದಾಣಿಕೆ’ ಅಂತಲೇ. ‘ಸರ್ಕಾರಗಳ’ ಅನ್ನುವುದರ ಪಕ್ಕ ಅದನ್ನು ಕೂರಿಸುವುದೇ ಇಲ್ಲ. ಕಟ್ಟು ಪದ್ಧತಿ, ಸಂಕಷ್ಟ ಸೂತ್ರ ಎರಡನ್ನೂ ಮೊದಲ ಅಧ್ಯಾಯಕ್ಕೆ ತಂದು ಕ್ಯಾಟಲೋನಿಯಾವನ್ನು ಹಿಂದಕ್ಕೆ ಹಾಕಿದ್ದೇನೆ. ಒಗ್ಗಿಕೆಯನ್ನು ರಾಗಿ ತಳಿಗಳ ಪುಟದಲ್ಲಿ ಬಳಸುತ್ತೇನೆ ತಮ್ಮಾ, ಅಲ್ಲಿ ಚೆನ್ನಾಗಿ ಕೂರುತ್ತದೆ: ‘ಒಣನೆಲಕ್ಕೆ ಒಗ್ಗಿದ ತಳಿ’.

ಇನ್ನೊಂದು. ಮಿಟಿಗೇಶನ್‌ಗೆ ‘ತಗ್ಗಿಸುವಿಕೆ’ ಅಂತ ಹಾಕಿದ್ದೇನೆ, ಹೊಗೆ ಉಗುಳುವುದನ್ನು ತಗ್ಗಿಸುವ ಅರ್ಥದಲ್ಲಿ. 2015ರಲ್ಲೇ ಕ್ಯಾಲಿಫೋರ್ನಿಯಾ, ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ಸೇರಿ ಶುರುಮಾಡಿದ ‘ಅಂಡರ್ 2’ ಒಪ್ಪಂದದ ಭಾಗದಲ್ಲಿ ಅದು ಪದೇಪದೇ ಬರುತ್ತದೆ. ತಪ್ಪಿದ್ದರೆ ಹೇಳಿ, ಒಳಪುಟಕ್ಕೆ ನಾಳೆ ಮಧ್ಯಾಹ್ನದವರೆಗೆ ಸಮಯವಿದೆ.

ಮೇಷ್ಟ್ರು, ಕುವೆಂಪುನಗರ:

ತಗ್ಗಿಸುವಿಕೆ ಆಗಬಹುದು. ‘ಉಪಶಮನ’ ಇನ್ನೂ ಮೇಲು.

ಡೆಸ್ಕಿನವನು, ಮೈಸೂರು:

ಉಪಶಮನ ಕೆಮ್ಮಿನ ಔಷಧಿ ಬಾಟಲಿ ಮೇಲಿರಲಿ. ತಗ್ಗಿಸುವಿಕೆ ಬಿಡಬೇಡಿ ಮೇಡಂ.

ಪದಕಟ್ಟೋನು, ಪಾಂಡವಪುರ:

‘ತಗ್ಗಿಕೆ’ ಸಾಲದಾ? ‘ಸುವಿಕೆ’ ಯಾಕೆ ಬಾಲ?

ನಾಲೆ ಇಂಜಿನಿಯರ್ (ನಿವೃತ್ತ), ಮಂಡ್ಯ:

ತಗ್ಗಿಕೆ ಅಂದರೆ ತಾನಾಗಿ ತಗ್ಗಿದ್ದು. ಹೊಗೆ ತಾನಾಗಿ ತಗ್ಗಲ್ಲ ಕಣಪ್ಪ. ಬಾಲ ಇರಲಿ.